ಮಳಿ ಬಂದಾಗ ಹತ್ತುವ ಹಳದಿ ದೀಪ: ಧಾರವಾಡದ ಒಂದು ಸರಕಾರಿ ಕಟ್ಟಡದ ಫೈರ್ ಅಲಾರಂ ಪ್ರಕರಣ

ಧಾರವಾಡದ ಆ ಕಚೇರಿ ಕಟ್ಟಡದಿಂದ ಬಂದ ಪತ್ರದಲ್ಲಿ ದೂರು ಒಂದೇ ಸಾಲಿನದು: ಫೈರ್ ಅಲಾರಂ ಪ್ಯಾನೆಲ್‌ನಲ್ಲಿ ಹಳದಿ ದೀಪ ಹತ್ತುತ್ತಿದೆ, ಪರಿಶೀಲಿಸಿ ದುರಸ್ತಿ ಮಾಡಿಕೊಡುವುದು. ಕೆಲಸ ಮುಗಿಯುವ ಹೊತ್ತಿಗೆ ಅಲ್ಲಿ ಸಿಕ್ಕ ದೋಷಗಳು ನಾಲ್ಕು. ಹಳದಿ ದೀಪಕ್ಕೆ ಕಾರಣವಾದದ್ದು ನಾಲ್ಕರಲ್ಲಿ ಸಣ್ಣದು. ಉಳಿದ ಮೂರನ್ನು ಪ್ಯಾನೆಲ್ ಯಾರಿಗೂ ಹೇಳಿರಲಿಲ್ಲ, ಹೇಳುವುದಕ್ಕೆ ಅದಕ್ಕೆ ಗೊತ್ತೂ ಇರಲಿಲ್ಲ. ಬೆಂಕಿ ಬಿದ್ದಿದ್ದರೆ ಜನರ ಜೀವಕ್ಕೆ ಕುತ್ತು ತರುತ್ತಿದ್ದದ್ದು ಆ ಮೂರೇ. ಸರಕಾರಿ ಕಟ್ಟಡಗಳ ಅಲಾರಂ, ಕ್ಯಾಮೆರಾ, ಯುಪಿಎಸ್, ಮೈಕು ಇಂಥವನ್ನು ನೋಡಿಕೊಳ್ಳುವ ನನ್ನಂಥ ಟೆಕ್ನಿಷಿಯನ್ನರಿಗೂ, ನಮ್ಮ ವರದಿಗೆ ಸಹಿ ಹಾಕುವ ಕಚೇರಿಯವರಿಗೂ ಉಪಯೋಗವಾಗಲಿ ಎಂದು ಪ್ರಕರಣವನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಕಚೇರಿಯ ಹೆಸರು ಬರೆಯುವುದಿಲ್ಲ. ಇಂಥದ್ದೇ ಸ್ಥಿತಿಯ ಕಟ್ಟಡಗಳನ್ನು ಬೇರೆ ಊರಲ್ಲೂ ನೋಡಿದ್ದೇನೆ.

ಕಟ್ಟಡ, ಅದರೊಳಗಿನ ವ್ಯವಸ್ಥೆ

ನೆಲಮಹಡಿ, ಅದರ ಮೇಲೆ ನಾಲ್ಕು ಮಹಡಿ. ಉತಾರಕ್ಕಾಗಿ ಹಳ್ಳಿಯಿಂದ ಬಂದವರು, ಪಿಂಚಣಿ ವಿಚಾರಿಸಲು ಬಂದ ಮುದುಕರು, ಅರ್ಜಿ ಬರೆದುಕೊಡುವವರು, ನೌಕರರು, ಎಲ್ಲ ಸೇರಿ ಕೆಲಸದ ದಿನ ಮಧ್ಯಾಹ್ನ ಪಾವಟಿಗೆಯ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಮೂರನೇ ಮಹಡಿಯಲ್ಲಿ ರೆಕಾರ್ಡ್ ರೂಮು. ಮುಂಬಯಿ ಪ್ರಾಂತದ ಕಾಲದ ಮೋಡಿ ಲಿಪಿಯ ದಫ್ತರಗಳೂ ಅಲ್ಲಿವೆ, ಹೋದ ವರ್ಷದ ಕಡತಗಳೂ ಇವೆ. ಬಟ್ಟೆಯಲ್ಲಿ ಕಟ್ಟಿದ ಗಂಟುಗಳು ಕಬ್ಬಿಣದ ರ‍್ಯಾಕುಗಳಲ್ಲಿ ಮೇಲಿನ ಸ್ಲ್ಯಾಬು ಮುಟ್ಟುವಷ್ಟು ಎತ್ತರಕ್ಕೆ ಏರಿವೆ. ಒಣ ಕಾಗದ, ಅದರ ಪಕ್ಕದಲ್ಲೇ ಹಳೆಯ ವೈರಿಂಗು.

ಪ್ಯಾನೆಲ್ ಇರುವುದು ನೆಲಮಹಡಿಯಲ್ಲಿ, ಕಾವಲುಗಾರರ ಕೋಣೆಯ ಗೋಡೆಯ ಮೇಲೆ. ವಿಳಾಸವಿರುವ ಬಗೆಯದು. ಎರಡೆಳೆಯ ಒಂದು ತಂತಿ ಪ್ಯಾನೆಲ್‌ನಿಂದ ಹೊರಟು, ಮಹಡಿಗಳನ್ನೆಲ್ಲ ಸುತ್ತಿ, ಮತ್ತೆ ಪ್ಯಾನೆಲ್‌ಗೇ ಬಂದು ಸೇರುತ್ತದೆ. ಇದಕ್ಕೆ ಲೂಪ್ ಎನ್ನುತ್ತೇವೆ. ಹೊಗೆ ಗುರುತಿಸುವ ಡಿಟೆಕ್ಟರುಗಳು, ಪಾವಟಿಗೆಯ ಬಳಿ ಇರುವ ಒತ್ತಿದರೆ ಅಲಾರಂ ಕೊಡುವ ಕೆಂಪು ಕಾಲ್ ಪಾಯಿಂಟುಗಳು, ಎಲ್ಲಕ್ಕೂ ಒಂದೊಂದು ನಂಬರು. ಪ್ಯಾನೆಲ್ ಸರದಿಯಂತೆ ಒಬ್ಬೊಬ್ಬರನ್ನೂ ಕರೆದು ‘ಇದ್ದೀಯಾ, ಏನು ಕಾಣುತ್ತಿದೆ’ ಎಂದು ಕೇಳುತ್ತಲೇ ಇರುತ್ತದೆ. ಬೆಂಕಿ ಬಿದ್ದಾಗ ಮಹಡಿಗಳಲ್ಲಿ ಜೋರಾಗಿ ಕೂಗಿ ಜನರನ್ನು ಎಚ್ಚರಿಸುವ ಹೂಟರುಗಳಿಗೆ ಬೇರೆಯೇ ತಂತಿ. ಎಲ್ಲವೂ 24 ವೋಲ್ಟ್ ಡಿಸಿ. ಕರೆಂಟು ಹೋದರೆ ನಡೆಸಲು ಪ್ಯಾನೆಲ್‌ನ ತಳದಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳು ಸರಣಿಯಲ್ಲಿ.

ಪ್ಯಾನೆಲ್‌ನ ಮುಖದ ಮೇಲೆ ಕೆಂಪು ದೀಪ ಎಂದರೆ ಬೆಂಕಿ, ಹಳದಿ ಎಂದರೆ ದೋಷ. ಆ ಕಟ್ಟಡದವರು ಹಳದಿ ದೀಪಕ್ಕೆ ‘ಮಳಿ ದೀಪ’ ಎಂದು ಹೆಸರಿಟ್ಟಿದ್ದರು.

‘ಮಳಿ ಹತ್ತಿತಂದ್ರ ಇದೂ ಹತ್ತತೈತಿ ನೋಡ ತಮ್ಮಾ. ಎರಡ ದಿನಾ ಬಿಸಲ ಬಿದ್ರ ತಾನ ಆರತೈತಿ. ಯಾರರೆ ಬಂದ್ರ ಒಂದ ಬಟನ್ ಒತ್ತಿ ಹೋಗ್ತಾರ’ ಎಂದರು ಅಲ್ಲಿನ ಹಿರಿಯ ಕಾವಲುಗಾರರು.

‘ಬಜರ್ ಕೂಗೂದಿಲ್ಲೇನ ಕಾಕಾ?’ ಎಂದೆ.

‘ಕೂಗತಿತ್ತು. ರಾತ್ರಿ ಮಲಗಾಕ ಬಿಡೂದಿಲ್ಲಂತ ಯಾರೋ ಅದರ ಬಾಯಾಗ ಹತ್ತಿ ತುರಕ್ಯಾರ.’

ನೋಡಿದರೆ ನಿಜ. ಬಜರಿನ ತೂತಿನಲ್ಲಿ ಹತ್ತಿ, ಅದರ ಮೇಲೆ ಟೇಪು. ಗೋಡೆಗೆ ನೇತುಹಾಕಿದ್ದ ತಪಾಸಣೆ ಚೀಟಿಯಲ್ಲಿ ಹಿಂದೆ ಬಂದವರ ಷರಾ ಮೇಲಿಂದ ಕೆಳಗಿನ ತನಕ ಒಂದೇ: ‘ಪ್ಯಾನೆಲ್ ಸುಸ್ಥಿತಿಯಲ್ಲಿದೆ.’ ಬಂದವರೆಲ್ಲ ಬಿಸಿಲಿನ ದಿನ ಬಂದಿದ್ದರು. ದೀಪ ಆರಿತ್ತು, ಹಾಗಾಗಿ ಸುಸ್ಥಿತಿ. ವಾರ್ಷಿಕ ನಿರ್ವಹಣೆಯ ಒಪ್ಪಂದ ಮುಗಿದಿತ್ತು, ನವೀಕರಣ ಇನ್ನೂ ಕಡತದಲ್ಲಿತ್ತು.

ಎರಡು ಪುಸ್ತಕಗಳು

ನಾನು ಹೋದ ದಿನವೂ ಬಿಸಿಲು. ದೀಪ ಆರಿತ್ತು. ಇಲ್ಲದ ದೋಷವನ್ನು ಹುಡುಕುವುದು ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು. ಇಂಥ ಹೊತ್ತಿನಲ್ಲಿ ಕೈಗೆ ಬರುವುದು ಪ್ಯಾನೆಲ್‌ನ ನೆನಪು, ಅಂದರೆ ಅದರ ಒಳಗಿನ ಘಟನಾ ದಾಖಲೆ. ತೆರೆದು ನೋಡಿದರೆ ಸಾಲು ಸಾಲಾಗಿ ‘ಪವರ್ ಆನ್’, ನಡುನಡುವೆ ‘ಅರ್ಥ್ ಫಾಲ್ಟ್’, ಅಂದರೆ ತಂತಿ ಎಲ್ಲೋ ಭೂಮಿಗೆ ತಾಗಿದೆ ಎಂಬ ದೂರು. ಹಳದಿ ದೀಪ ಹತ್ತುತ್ತಿದ್ದದ್ದು ಇದಕ್ಕೇ. ಆದರೆ ಪ್ರತಿ ‘ಪವರ್ ಆನ್’ ಎದುರಿಗೂ ಒಂದೇ ತಾರೀಖು, ಜನವರಿ 1, ಸೊನ್ನೆ ಗಂಟೆ. ಗಡಿಯಾರವನ್ನು ಜೀವಂತ ಇಡುವ 3 ವೋಲ್ಟಿನ ನಾಣ್ಯದಂಥ ಸೆಲ್ ಸತ್ತಿತ್ತು. ಪ್ಯಾನೆಲ್ ಪೂರ್ತಿ ಆರಿ ಹತ್ತಿದಾಗಲೆಲ್ಲ ಗಡಿಯಾರ ಕಾರ್ಖಾನೆಯ ತಾರೀಖಿಗೆ ಮರಳುತ್ತಿತ್ತು.

ಇಲ್ಲಿ ಎರಡು ಪ್ರಶ್ನೆ. ಒಂದು, ಅರ್ಥ್ ಫಾಲ್ಟ್ ಬಂದದ್ದು ನಿಜವಾಗಿ ಯಾವಾಗ? ಇನ್ನೊಂದು ಅದಕ್ಕಿಂತ ಗಂಭೀರ: ಬ್ಯಾಟರಿ ಇರುವ ಪ್ಯಾನೆಲ್ ಪೂರ್ತಿ ಆರುವುದಾದರೂ ಯಾಕೆ?

ಉತ್ತರ ಕೊಟ್ಟದ್ದು ಕಾವಲುಗಾರರ ಜನರೇಟರ್ ಪುಸ್ತಕ. ಡೀಸೆಲ್ಲಿಗೆ ಲೆಕ್ಕ ಕೊಡಬೇಕಲ್ಲ, ಹಾಗಾಗಿ ಲೈಟು ಹೋದ ಹೊತ್ತು, ಜನರೇಟರ್ ಶುರು ಮಾಡಿದ ಹೊತ್ತು, ಲೈಟು ಬಂದ ಹೊತ್ತು, ಎಲ್ಲವನ್ನೂ ಅವರು ತಪ್ಪದೆ ಬರೆದಿಟ್ಟಿದ್ದರು. ದುಂಡನೆಯ ಅಕ್ಷರ, ಒಂದು ದಿನವೂ ಬಿಟ್ಟಿಲ್ಲ. ಅದನ್ನೂ ಪ್ಯಾನೆಲ್‌ನ ದಾಖಲೆಯನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಕೊನೆಯಿಂದ ಹಿಂದಕ್ಕೆ ಎಣಿಸುತ್ತ ಹೋದೆ. ಜನರೇಟರ್ ಓಡಿದ ಪ್ರತಿ ಸಲಕ್ಕೂ ಪ್ಯಾನೆಲ್‌ನಲ್ಲಿ ಎರಡು ‘ಪವರ್ ಆನ್’: ಜನರೇಟರ್ ಶುರುವಾದಾಗ ಒಂದು, ಲೈಟು ಬಂದು ಬದಲಾಯಿಸುವಾಗಿನ ಒಂದೆರಡು ಸೆಕೆಂಡಿನ ಕಡಿತಕ್ಕೆ ಇನ್ನೊಂದು. ರಾತ್ರಿ ಜನರೇಟರ್ ಓಡಿಸದೆ ಬಿಟ್ಟಲ್ಲಿ ಒಂದೇ. ಲೆಕ್ಕ ತಪ್ಪಲಿಲ್ಲ.

ಇದರ ಅರ್ಥ ಸ್ಪಷ್ಟ. ಕರೆಂಟು ಹೋದ ಆ ಕ್ಷಣವೇ ಈ ಕಟ್ಟಡದ ಬೆಂಕಿ ಎಚ್ಚರಿಕೆ ಸಾಯುತ್ತಿತ್ತು. ಬೆಂಕಿ ಬಿದ್ದಾಗ ಮೊದಲು ಹೋಗುವುದೇ ಕರೆಂಟು. ತಾನಾಗಿ ಟ್ರಿಪ್ ಆಗುತ್ತದೆ, ಇಲ್ಲವೇ ಯಾರಾದರೂ ಮೇನ್ ತೆಗೆಯುತ್ತಾರೆ.

ಪ್ಯಾನೆಲ್ ಮರುಹುಟ್ಟು ಪಡೆದ ನಿಜವಾದ ಹೊತ್ತು ಈಗ ಪುಸ್ತಕದಿಂದ ಗೊತ್ತಾಗಿತ್ತು. ಅದಕ್ಕೆ ದಾಖಲೆಯಲ್ಲಿದ್ದ ಗಂಟೆ ಕೂಡಿಸಿದರೆ ಅರ್ಥ್ ಫಾಲ್ಟ್‌ನ ನಿಜವಾದ ಹೊತ್ತು ಸಿಗುತ್ತದೆ. ಆ ಹೊತ್ತುಗಳನ್ನು ಒಂದು ಹಾಳೆಯ ಮೇಲೆ ಬರೆದು ಕಾಕಾರ ಮುಂದೆ ಇಟ್ಟೆ. ಅವರು ಒಂದೊಂದಕ್ಕೂ ನೆನಪು ತೆಗೆದರು. ಕೊನೆಗೆ ಹೇಳಿದ ಮಾತು ನನಗೆ ದಾರಿ ತೋರಿಸಿತು: ‘ಎಲ್ಲಾ ಮಳಿಗೂ ಬರೂದಿಲ್ಲ ತಮ್ಮಾ. ಏಪ್ರಿಲ್-ಮೇದಾಗಿನ ಅಡ್ಡಮಳಿ ಎಷ್ಟ ಜೋರ ಹೊಡದ್ರೂ ಬಂದಿಲ್ಲ. ಮಿರಗ ಕೂಡಿದ ಮ್ಯಾಲ, ಪಡುವಣ ಗಾಳಿ ಬೀಸಿ ಜಿಟಿಜಿಟಿ ಹಿಡೀತಂದ್ರ ಆಗ ಬರತೈತಿ.’

ಧಾರವಾಡ ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಊರು. ಮೃಗಶಿರಾ ಮಳೆ ಶುರುವಾದ ಮೇಲೆ ಪಶ್ಚಿಮದ ಗಾಳಿ ನೀರನ್ನು ಗೋಡೆಗೆ ಅಡ್ಡಡ್ಡ ಹೊಡೆಯುತ್ತದೆ. ಅಂದರೆ ನಾನು ಹುಡುಕಬೇಕಾದದ್ದು ಇಡೀ ಕಟ್ಟಡವನ್ನಲ್ಲ, ಅದರ ಪಡುವಣ ಮೋರೆಯನ್ನು.

ಬ್ಯಾಟರಿ

ಮೊದಲು ಬ್ಯಾಟರಿಗೆ ಕೈ ಹಾಕಿದೆ. ಚಾರ್ಜರ್ ಜೋಡಿಸಿದ್ದಾಗ ಎರಡರ ಮೇಲೆ 27 ವೋಲ್ಟ್ ಚಿಲ್ಲರೆ, ಸರಿಯಾಗಿಯೇ ಇದೆ. ಈ ಪ್ಯಾನೆಲ್ ಬ್ಯಾಟರಿಯನ್ನು ಪರೀಕ್ಷಿಸುವುದು ಇಷ್ಟರಿಂದಲೇ, ಆದ್ದರಿಂದ ಅದಕ್ಕೆ ದೋಷ ಕಂಡಿರಲಿಲ್ಲ. ಬಿಚ್ಚಿ ಹೊರಗಿಟ್ಟು ಒಂದೊಂದಕ್ಕೂ ಕಾರಿನ 55 ವ್ಯಾಟಿನ ಹೆಡ್‌ಲೈಟ್ ಬಲ್ಬು ಕೊಟ್ಟೆ. ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುವ ಬಲ್ಬು ಅದು. ಚಲೋ ಬ್ಯಾಟರಿ ಅದನ್ನು ನಿಮಿಷಗಟ್ಟಲೆ ಉರಿಸುತ್ತದೆ. ಇಲ್ಲಿ ಒಂದು ಬಲ್ಬು ಕೆಂಪಗಾಗಿ ಕುಸಿಯಿತು, ಇನ್ನೊಂದು ಹತ್ತಲೇ ಇಲ್ಲ. ಬಲ್ಬಿನಂಥ ಭಾರ (ಲೋಡ್) ಕೊಡದೆ ಬರೀ ಮೀಟರು ಹಿಡಿದು ಬ್ಯಾಟರಿ ಚಲೋ ಇದೆ ಎನ್ನುವುದು ನಮ್ಮಲ್ಲಿ ದಿನಾ ನಡೆಯುವ ತಪ್ಪು. ಭಾರವಿಲ್ಲದೆ ನಿಂತ ಸತ್ತ ಬ್ಯಾಟರಿಯೂ 12 ವೋಲ್ಟ್ ತೋರಿಸಬಹುದು.

ಅದರ ಅಳತೆಯೂ ತಪ್ಪಿತ್ತು. ಬ್ಯಾಟರಿಯ ಅಳತೆಯನ್ನು ಆಂಪಿಯರ್ ಅವರ್‌ನಲ್ಲಿ, ಅಂದರೆ ಎಷ್ಟು ಆಂಪಿಯರನ್ನು ಎಷ್ಟು ತಾಸು ಕೊಡಬಲ್ಲದು ಎಂದು ಎಣಿಸುತ್ತೇವೆ. ಯಾರೋ ಹಿಂದೊಮ್ಮೆ ಪ್ಯಾಟಿಯಲ್ಲಿ ಸುಲಭವಾಗಿ ಸಿಗುವ, ಯುಪಿಎಸ್‌ಗೆ ಹಾಕುವ 7 ಆಂಪಿಯರ್ ಅವರ್‌ನದನ್ನು ಹಾಕಿದ್ದರು. ಪ್ಯಾನೆಲ್ ಸುಮ್ಮನಿರುವಾಗ ಎಳೆಯುವ ಕರೆಂಟು ಅಳೆದಾಗ 0.28 ಆಂಪಿಯರ್, ಹೂಟರೆಲ್ಲ ಕೂಗುವಾಗ ಬೇಕಾಗುವುದು 1.6 ಆಂಪಿಯರ್. 24 ತಾಸು ಸುಮ್ಮನೆ ನಿಂತು ಆಮೇಲೆ ಅರ್ಧ ತಾಸು ಕೂಗಬೇಕು ಎಂದು ಲೆಕ್ಕ ಹಿಡಿದರೆ 6.72 ಮತ್ತು 0.8, ಒಟ್ಟು 7.52. ಬ್ಯಾಟರಿಗೆ ವಯಸ್ಸಾಗುವುದಕ್ಕೆ ಕಾಲುಭಾಗ ಸೇರಿಸಿದರೆ 9.4. ಹೊಸದಿದ್ದಾಗಲೂ 7 ಸಾಲದು. 12 ಆಂಪಿಯರ್ ಅವರ್‌ನ ಎರಡು ತರಿಸಿ, ಚಾರ್ಜರ್ ಅದನ್ನು ತುಂಬಿಸಬಲ್ಲದೇ ಎಂದು ನೋಡಿಕೊಂಡು ಹಾಕಿದೆ. ಹಾಕಿದ ತಾರೀಖನ್ನು ಬ್ಯಾಟರಿಯ ಮೈಮೇಲೆಯೇ ಮಾರ್ಕರಿನಿಂದ ಬರೆದೆ. ಗಡಿಯಾರದ ಸೆಲ್ಲೂ ಹೊಸದು.

ಕೂಗದ ಹೂಟರ್

ಹೂಟರಿನ ಕಥೆಗೆ ಹಿಂದಿನ ವರ್ಷದ ಖಂಡೇನವಮಿಗೆ ಹೋಗಬೇಕು. ಅವತ್ತು ಎಲ್ಲ ಮಹಡಿಗಳಲ್ಲೂ ಪೂಜೆ. ರೆಕಾರ್ಡ್ ರೂಮಿನ ಕಪಾಟುಗಳಿಗೂ ಕುಂಕುಮ ಹಚ್ಚಿ ಧೂಪ ಹಾಕಿದ್ದಾರೆ. ಡಿಟೆಕ್ಟರುಗಳು ಹೊಗೆ ಕಂಡು ಕೂಗಿಸಿವೆ. ಜನ ಗಾಬರಿಯಾಗಿ ಕೆಳಗೆ ಓಡಿ ಬಂದಿದ್ದಾರೆ, ಪಾವಟಿಗೆಯ ಮೇಲೆ ಒಬ್ಬ ಹೆಣ್ಣುಮಗಳು ಬಿದ್ದು ಕೈಗೆ ಪೆಟ್ಟು ಮಾಡಿಕೊಂಡಿದ್ದಾರೆ. ‘ಮೊದಲ ಅದನ್ನ ಬಂದ್ ಮಾಡ್ರಿ’ ಎಂದು ಮೇಲಿನವರು ಹೇಳಿದ್ದಾರೆ. ಯಾರೋ ಬಂದ್ ಮಾಡಿದ್ದಾರೆ.

ಹೇಗೆ ಬಂದ್ ಮಾಡಿದ್ದರು ಎಂಬುದನ್ನು ಬಿಡಿಸಿ ಹೇಳಬೇಕು. ಹೂಟರ್ ತಂತಿಯ ಕೊನೆಯಲ್ಲಿ ಒಂದು ರೆಸಿಸ್ಟರ್, ಅಂದರೆ ಕರೆಂಟಿಗೆ ಗೊತ್ತಾದಷ್ಟು ತಡೆ ಒಡ್ಡುವ ಸಣ್ಣ ಬಿಡಿಭಾಗ, ಇರುತ್ತದೆ. ಪ್ಯಾನೆಲ್ ಸಣ್ಣ ಕರೆಂಟು ಬಿಟ್ಟು ಆ ರೆಸಿಸ್ಟರ್ ಕಾಣುತ್ತದೆಯೇ ಎಂದು ನೋಡುತ್ತಲೇ ಇರುತ್ತದೆ. ತಂತಿ ಎಲ್ಲಿ ಕಡಿದರೂ ರೆಸಿಸ್ಟರ್ ಮರೆಯಾಗುತ್ತದೆ, ಹಳದಿ ದೀಪ ಹತ್ತುತ್ತದೆ. ಚಲೋ ವಿದ್ಯೆ. ಇಲ್ಲಿ ಹೂಟರುಗಳಿಗೆ ಹೋಗುವ ತಂತಿಯನ್ನು ಪ್ಯಾನೆಲ್‌ನಿಂದ ಬಿಚ್ಚಿ, ಟೇಪು ಸುತ್ತಿ ಹಿಂದೆ ಮಡಚಿಟ್ಟು, ಅದೇ ಬೆಲೆಯ ಒಂದು ರೆಸಿಸ್ಟರನ್ನು ನೇರವಾಗಿ ಟರ್ಮಿನಲ್ಲಿಗೇ ಬಿಗಿದಿದ್ದರು. ಪ್ಯಾನೆಲ್‌ಗೆ ರೆಸಿಸ್ಟರ್ ಕಾಣುತ್ತಿತ್ತು, ತಂತಿ ಪೂರ್ತಿ ಇದೆ ಎಂದು ಅದು ನಂಬಿತ್ತು. ಅಂದಿನಿಂದ ಈ ಕಟ್ಟಡದಲ್ಲಿ ಒಂದು ಹೂಟರೂ ಕೂಗುವಂತಿರಲಿಲ್ಲ, ಪ್ಯಾನೆಲ್‌ನ ಮೋರೆಯ ಮೇಲೆ ಅದರ ಸುಳಿವೂ ಇರಲಿಲ್ಲ.

ಇದನ್ನು ಮಾಡಿದವರಿಗೆ ಕೆಲಸ ಗೊತ್ತಿತ್ತು. ಗೊತ್ತಿದ್ದೇ ಮಾಡಿದ್ದು ಎನ್ನುವುದು ನನಗೆ ಸಹಿಸಲಾಗದ ಸಂಗತಿ. ಪೂಜೆಯ ದಿನ ಅಲಾರಂ ಬೇಡವೆಂದರೆ ಅದಕ್ಕೆ ಪ್ಯಾನೆಲ್‌ನಲ್ಲೇ ದಾರಿ ಇದೆ. ಆ ಭಾಗದ ಡಿಟೆಕ್ಟರುಗಳನ್ನಷ್ಟೇ ಕೀಲಿಮಣೆಯಿಂದ ನಿಲ್ಲಿಸಬಹುದು. ನಿಲ್ಲಿಸಿದ್ದೇವೆ ಎಂದು ಪ್ಯಾನೆಲ್ ದೀಪ ಹಚ್ಚಿ ನೆನಪಿಸುತ್ತಲೇ ಇರುತ್ತದೆ. ಅಷ್ಟು ಹೊತ್ತು ಒಬ್ಬರು ಆ ಕೋಣೆಯಲ್ಲಿ ನಿಂತು ಕಾಯಬೇಕು, ಪೂಜೆ ಮುಗಿದ ಮೇಲೆ ಮತ್ತೆ ಶುರು ಮಾಡಬೇಕು. ಅವತ್ತು ಡಿಟೆಕ್ಟರ್ ಕೂಗಿಸಿದ್ದು ತಪ್ಪೂ ಆಗಿರಲಿಲ್ಲ. ಹೊಗೆ ಇತ್ತು, ಅದು ಹೊಗೆ ಎಂದಿತು.

ಬಿಸಿಲಿನಲ್ಲಿ ಮಳೆ

ಇನ್ನು ಹಳದಿ ದೀಪ. 24 ವೋಲ್ಟಿನ ಈ ಸರಬರಾಜು ಭೂಮಿಗೆ ಅಂಟದೆ ನಿಂತಿರುತ್ತದೆ. ಎಲ್ಲ ಸರಿ ಇದ್ದಾಗ ಪ್ಲಸ್‌ನಿಂದ ಅರ್ಥಿಗೂ ಮೈನಸ್‌ನಿಂದ ಅರ್ಥಿಗೂ ಹೆಚ್ಚುಕಮ್ಮಿ ಸಮ ವೋಲ್ಟೇಜು. ಒಂದು ಎಳೆ ಎಲ್ಲಾದರೂ ಒದ್ದೆ ಗೋಡೆಗೆ, ಕಬ್ಬಿಣದ ಪೈಪಿಗೆ ತಾಗಿದರೆ ಅದರ ಕಡೆ ಸೊನ್ನೆಗೆ ಇಳಿಯುತ್ತದೆ, ಇನ್ನೊಂದು ಕಡೆ ಪೂರ್ತಿ ಏರುತ್ತದೆ. ಇಂಥ ಒಂದು ತಾಗುವಿಕೆಯಿಂದ ವ್ಯವಸ್ಥೆ ನಿಲ್ಲುವುದಿಲ್ಲ. ‘ನಡೀತೈತಲ್ಲ, ಬಿಡ್ರಿ’ ಎಂದು ಎಲ್ಲರೂ ಬಿಡುವುದು ಇದಕ್ಕೇ. ಆದರೆ ಅದೇ ಹೊತ್ತಿಗೆ ಇನ್ನೊಂದು ಎಳೆ ಬೇರೆಲ್ಲೋ ಅರ್ಥ್ ಆದರೆ ಎರಡೂ ಸೇರಿ ಶಾರ್ಟ್ ಆಗುತ್ತದೆ, ಲೂಪಿನ ಒಂದು ಭಾಗವೇ ಕುರುಡಾಗುತ್ತದೆ.

ದೋಷ ಬರಲೆಂದು ಮಳೆ ಕಾಯುವ ಬದಲು ಮಳೆಯನ್ನೇ ತಂದೆವು. ಮಾಳಿಗೆಯ ಮೇಲಿನ ಟಾಕಿಯಿಂದ ರಬ್ಬರ್ ಪೈಪು ಎಳೆದು, ಕಚೇರಿಯ ಸಿಪಾಯಿಯೊಬ್ಬರು ಪಡುವಣ ಗೋಡೆಯ ಮೇಲೆ ದಕ್ಷಿಣದ ತುದಿಯಿಂದ ನೀರು ಬಿಡುತ್ತ ಬಂದರು. ನಾನು ಕೆಳಗೆ ಮೀಟರ್ ಹಿಡಿದು ಕೂತೆ. ಬಹಳ ಹೊತ್ತು ಏನೂ ಇಲ್ಲ. ಮಾಳಿಗೆಯ ಬಾಗಿಲಿನ ಹತ್ತಿರ ನೀರು ಬಿದ್ದ ಮೇಲೆ ಮೈನಸ್‌ನ ವೋಲ್ಟೇಜು ಇಳಿಯತೊಡಗಿತು. 13, 9, 4, ಕೊನೆಗೆ ಒಂದು ವೋಲ್ಟಿಗೂ ಕಡಿಮೆ. ಹಳದಿ ದೀಪ ಹತ್ತಿತು. ಅಷ್ಟು ಸಂತೋಷದಿಂದ ಒಂದು ದೋಷದ ದೀಪವನ್ನು ಆ ಕೋಣೆಯಲ್ಲಿ ಯಾರೂ ನೋಡಿರಲಿಕ್ಕಿಲ್ಲ.

ಜಾಗ ಹತ್ತಿರ ಸಿಕ್ಕಿದರೂ ಊಹೆಯ ಮೇಲೆ ಗೋಡೆ ಒಡೆಯಬಾರದು. ಲೂಪಿನ ಎರಡೂ ತುದಿಗಳನ್ನು ಪ್ಯಾನೆಲ್‌ನಿಂದ ಬಿಚ್ಚಿ, ಎರಡನೇ ಮಹಡಿಯ ಜಂಕ್ಷನ್ ಬಾಕ್ಸಿನಲ್ಲಿ ಅರ್ಧಕ್ಕೆ ಕಡಿದು, ಯಾವ ಅರ್ಧದಲ್ಲಿ ಸೋರಿಕೆ ಇದೆ ನೋಡಿದೆ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿದೆ. ನೂರಿಪ್ಪತ್ತೆಂಟು ಸಾಧನಗಳ ಲೂಪಾದರೂ ಏಳು ಸಲ ಅರ್ಧ ಮಾಡಿದರೆ ಒಂದಕ್ಕೆ ಬಂದು ನಿಲ್ಲುತ್ತೇವೆ. ಒಂದು ಎಚ್ಚರಿಕೆ: ಈ ಅಳತೆಯನ್ನು ಮಲ್ಟಿಮೀಟರಿನಲ್ಲೇ ಮಾಡಬೇಕು. ಹೊಸ ಹುಡುಗರು ಕೆಲವರು 500 ವೋಲ್ಟಿನ ಮೆಗ್ಗರ್, ಅಂದರೆ ಹೆಚ್ಚು ವೋಲ್ಟ್ ಕೊಟ್ಟು ಕೇಬಲ್ಲಿನ ಸೋರಿಕೆ ನೋಡುವ ಮೀಟರ್, ತಂದು ಲೂಪಿಗೆ ಹಚ್ಚುತ್ತಾರೆ. ಡಿಟೆಕ್ಟರ್, ಶಾರ್ಟ್ ಆದ ಭಾಗವನ್ನು ಬೇರ್ಪಡಿಸುವ ಐಸೊಲೇಟರ್, ಎಲ್ಲದರ ಒಳಗೂ ಎಲೆಕ್ಟ್ರಾನಿಕ್ಸ್ ಇರುವುದರಿಂದ ಒಂದೇ ಏಟಿಗೆ ಸಾಲಾಗಿ ಸುಟ್ಟುಹೋಗುತ್ತವೆ. ಮೆಗ್ಗರ್ ಬೇಕೇ ಬೇಕೆಂದರೆ ಎರಡೂ ತುದಿ ಬಿಚ್ಚಿದ, ನಡುವೆ ಯಾವ ಸಾಧನವೂ ಇಲ್ಲದ ಬರಿ ಕೇಬಲ್ ತುಂಡಿಗೆ ಮಾತ್ರ.

ಕೊನೆಗೆ ನಿಂತದ್ದು ನಾಲ್ಕನೇ ಮಹಡಿಯಲ್ಲಿ, ಮಾಳಿಗೆಗೆ ಹೋಗುವ ಪಾವಟಿಗೆಯ ಬಳಿ ಇದ್ದ ಕಾಲ್ ಪಾಯಿಂಟಿನ ಎದುರಿಗೆ. ಮುಚ್ಚಳ ಬಿಚ್ಚಿದಾಗ ಒಳಗಿನ ಡಬ್ಬಿಯಲ್ಲಿ ನೀರು ನಿಂತಿತ್ತು, ಟರ್ಮಿನಲ್ಲುಗಳ ಮೇಲೆ ಹಸಿರು ಕಿಲುಬು. ನೀರು ಬಂದ ದಾರಿ ಮೇಲೆ ಮಾಳಿಗೆಯಲ್ಲಿತ್ತು. ಬೇರೊಂದು ಕೆಲಸದವರು ಕ್ಯಾಮೆರಾ ಹಾಕುವಾಗ ತಮ್ಮ ಕೇಬಲ್ಲಿಗೆ ಹೊಸ ಪೈಪು ಎಳೆಯದೆ ಅಲಾರಂ ಪೈಪಿನ ಮೇಲ್ಬಾಯಿ ಬಿಚ್ಚಿ ಅದರಲ್ಲೇ ತೂರಿಸಿದ್ದರು, ಬಾಯಿ ಮುಚ್ಚಿರಲಿಲ್ಲ. ಗಾಳಿಮಳೆಯ ನೀರು ಕೇಬಲ್ಲಿನ ಮೈಹಿಡಿದು ನೇರ ಪೈಪಿನೊಳಗೆ ಇಳಿಯುತ್ತಿತ್ತು. ಹೊರಗಿನ ಕೇಬಲ್ಲನ್ನು ಒಳಗೆ ಬಿಡುವ ಮುಂಚೆ ಕೆಳಕ್ಕೆ ಬಾಗಿಸಿ ಮತ್ತೆ ಮೇಲೇರಿಸಬೇಕು, ಆಗ ನೀರು ಬಾಗಿನ ತಳದಿಂದ ತೊಟ್ಟಿಕ್ಕಿ ಹೊರಗೇ ಬೀಳುತ್ತದೆ. ಗೇಣುದ್ದ ಕೇಬಲ್ಲು ಹೆಚ್ಚು ಬೇಕಾಗುತ್ತದೆ, ಅಷ್ಟೇ.

ಆ ಕಾಲ್ ಪಾಯಿಂಟನ್ನು ಬಿಚ್ಚಿ ಎಸೆಯುವ ಮುಂಚೆ, ಲೂಪನ್ನು ಮತ್ತೆ ಪ್ಯಾನೆಲ್‌ಗೆ ಜೋಡಿಸಿ, ಒತ್ತಿ ನೋಡಿದೆ. ಪ್ಯಾನೆಲ್‌ನಲ್ಲಿ ಅಲಾರಂ ಬರಲಿಲ್ಲ. ಮತ್ತೆ ಒತ್ತಿದೆ, ಇಲ್ಲ. ಅದರೊಳಗಿನ ಚಿಪ್ಪು ಪ್ಯಾನೆಲ್ ಕರೆದಾಗಲೆಲ್ಲ ‘ಇದ್ದೇನೆ’ ಎಂದು ಉತ್ತರ ಕೊಡುತ್ತಲೇ ಇತ್ತು. ಕೈಯಿಂದ ಒತ್ತುವ ಸ್ವಿಚ್ಚಿನ ಸಂಪರ್ಕಗಳು ಮಾತ್ರ ಕಿಲುಬಿನಿಂದ ಮುಚ್ಚಿಹೋಗಿದ್ದವು. ಸ್ವಿಚ್ಚು ಸತ್ತದ್ದು ಪ್ಯಾನೆಲ್‌ಗೆ ತಿಳಿಯುವ ದಾರಿಯೇ ಇಲ್ಲ, ಯಾರಾದರೂ ಒತ್ತಿದಾಗಲೇ ಗೊತ್ತಾಗಬೇಕು. ಮೇಲಿನ ಮಹಡಿಯವರು ಬೆಂಕಿ ಕಂಡು ಓಡಿಬಂದು ಒತ್ತುವ ಗುಂಡಿ ಅದು.

ಹಿಂದೆ ತಪಾಸಣೆಗೆ ಬಂದವರು ಬ್ಯಾಟರಿಗೆ ಭಾರ ಕೊಟ್ಟಿರಲಿಲ್ಲ, ಹೂಟರ್ ಕೂಗಿಸಿರಲಿಲ್ಲ, ಗುಂಡಿ ಒತ್ತಿರಲಿಲ್ಲ. ಮೂರೂ ಕಡೆ ಪ್ಯಾನೆಲ್‌ನ ಮೋರೆ ನೋಡಿ ಷರಾ ಬರೆದಿದ್ದರು. ಈ ವ್ಯವಸ್ಥೆಯಿಂದ ಅದರ ಕೆಲಸವನ್ನು ಮಾಡಿಸಿ ನೋಡದ ತಪಾಸಣೆಯನ್ನು ನಾನು ತಪಾಸಣೆ ಎಂದು ಒಪ್ಪುವುದಿಲ್ಲ. ಭಾರತೀಯ ಮಾನಕ ಐಎಸ್ 2189 ಇರುವುದೇ ಬೆಂಕಿ ಎಚ್ಚರಿಕೆ ವ್ಯವಸ್ಥೆಯ ಆಯ್ಕೆ, ಅಳವಡಿಕೆ, ನಿರ್ವಹಣೆಗಾಗಿ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ ಪೂರ್ತಿ ಬೆಂಕಿ ಮತ್ತು ಜೀವರಕ್ಷಣೆಯದು. ನಿಯಮಕ್ಕೆ ಕೊರತೆ ಇಲ್ಲ. ತಪಾಸಣೆಗೆ ಹೋದವನ ಕೈಯಲ್ಲಿ ಬಲ್ಬು, ಹೊಗೆ ಸ್ಪ್ರೇ, ಏಣಿ ಇವೆಯೋ ಬರೀ ಪೆನ್ನಿದೆಯೋ ಎಂಬುದೇ ಪ್ರಶ್ನೆ.

ರೆಕಾರ್ಡ್ ರೂಮಿನ ಧೂಳು

ಮಂಜು ಮುಸುಕಿದ ಬೆಳಗಿನಲ್ಲಿ ರೆಕಾರ್ಡ್ ರೂಮಿನಿಂದ ಸುಳ್ಳು ಅಲಾರಂ ಬರುತ್ತದೆಂದು ಆಮೇಲೆ ಕಚೇರಿಯವರು ಹೇಳಿದರು. ಇದಕ್ಕೆ ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಡಿಟೆಕ್ಟರಿನ ಒಳಗೆ ಕಪ್ಪು ಗೂಡೊಂದಿದೆ. ಅಲ್ಲಿ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಮಿಣುಕುತ್ತದೆ, ಅದು ನೇರ ಬೀಳದ ಕೋನದಲ್ಲಿ ಬೆಳಕು ಗ್ರಹಿಸುವ ಫೋಟೊಡಯೋಡ್ ಕೂತಿದೆ. ಹೊಗೆ ಬಂದರೆ ಬೆಳಕು ಚದುರಿ ಅದಕ್ಕೆ ತಾಗುತ್ತದೆ. ಹಳೆಯ ಕಾಗದದ ಧೂಳು ಗೂಡಿನ ಗೋಡೆಗೆ ಕೂತರೂ ಬೆಳಕು ಚದುರುತ್ತದೆ. ಪ್ಯಾನೆಲ್‌ನಲ್ಲಿ ಒಂದೊಂದರ ಅಳತೆ ನೋಡಿದರೆ ಕಿಟಕಿ ಸಾಲಿನ ಡಿಟೆಕ್ಟರುಗಳು ಮೊದಲೇ ಅರ್ಧ ದಾರಿ ಏರಿ ಕೂತಿದ್ದವು. ಅದರ ಮೇಲೆ ಕಿಟಕಿಯಿಂದ ಮಂಜು ಬಂದರೆ ಉಳಿದ ಅರ್ಧವೂ ತುಂಬುತ್ತದೆ. ಇಳಿಸಿ, ಗೂಡು ಬಿಚ್ಚಿ, ಮೆತ್ತನೆ ಬ್ರಷ್ಷು ಮತ್ತು ಬ್ಲೋಯರಿನಿಂದ ಸ್ವಚ್ಛ ಮಾಡಿದೆವು. ಆಮೇಲಿನ ಪರೀಕ್ಷೆಗೆ ಊದಿನಕಡ್ಡಿ ಹಿಡಿಯುವ ರೂಢಿ ನಮ್ಮಲ್ಲಿ ಬಹಳ. ದಯವಿಟ್ಟು ಬಿಡಿ. ಅದರ ಅಂಟು ಗೂಡಿನೊಳಗೆ ಕೂತು ಮುಂದಿನ ಸುಳ್ಳು ಅಲಾರಮ್ಮಿಗೆ ಬೀಜ ಹಾಕುತ್ತದೆ. ಇದಕ್ಕೆಂದೇ ಸಿಗುವ ಹೊಗೆ ಸ್ಪ್ರೇ ಸಾಕು.

ದುರಸ್ತಿಯ ದಿನ ಮತ್ತು ಆಮೇಲೆ

ಕಾಲ್ ಪಾಯಿಂಟನ್ನು ಪಡುವಣ ಗೋಡೆಯಿಂದ ಎದುರಿನ ಒಳಗೋಡೆಗೆ ಸರಿಸಿ ಹೊಸದನ್ನು ಹಾಕಿದೆವು. ಪೈಪಿನ ಮೇಲ್ಬಾಯಿ ಮುಚ್ಚಿ, ಕ್ಯಾಮೆರಾ ಕೇಬಲ್ಲಿಗೆ ಬೇರೆ ದಾರಿ ಮಾಡಿದೆವು. ಬಜರಿನ ಹತ್ತಿ ತೆಗೆದೆವು. ಉಳಿದದ್ದು ಹೂಟರ್. ಅದನ್ನು ಮತ್ತೆ ಜೋಡಿಸುವುದಕ್ಕೆ ಕಚೇರಿಯಲ್ಲಿ ಮನಸ್ಸಿರಲಿಲ್ಲ.

‘ಮತ್ತ ಕೂಗಿ ಜನಾ ಓಡಿ ಬಿದ್ರ ಯಾರು ಜವಾಬ್ದಾರಿ ಹೇಳ್ರಿ?’ ಎಂದರು ಅಲ್ಲಿನ ಸೂಪರಿಂಟೆಂಡೆಂಟ್ ಮೇಡಂ. ಅವರ ಆತಂಕ ಸುಳ್ಳಲ್ಲ, ಬಿದ್ದು ಪೆಟ್ಟಾದ ಹೆಣ್ಣುಮಗಳು ಅವರ ವಿಭಾಗದವರೇ.

‘ಮೇಡಂ ಅವರ, ಓಡಿ ಬೀಳೂದು ಅಲಾರಂ ಗೊತ್ತಿಲ್ಲದವರು. ಎಲ್ಲಾರಿಗೂ ಮೊದಲ ಹೇಳಿ ಒಂದ ಸಲ ಕೂಗಿಸೋಣ್ರಿ, ಸಾವಕಾಶ ಇಳದ ಬರಲಿ. ಕೂಗಲಾರದ್ದಕ್ಕ ಏನಾಗತೈತಿ ಅನ್ನೂದನ್ನ ನಾವು ಬೆಂಗಳೂರಾಗ ನೋಡೇವ್ರಿ’ ಎಂದೆ.

ನನ್ನ ಮನಸ್ಸಿನಲ್ಲಿದ್ದದ್ದು 2010ರ ಫೆಬ್ರವರಿ 23. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿ ಕಟ್ಟಡದಲ್ಲಿ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು. ಹೊಗೆ ಮೇಲಿನ ಮಹಡಿಗಳನ್ನು ತುಂಬಿತು, ಉಸಿರು ಕಟ್ಟಿ ಕಿಟಕಿಯಿಂದ ಹಾರಿದವರೂ ಇದ್ದರು. ಹಾಡಹಗಲು, ಕೆಲಸದ ಹೊತ್ತು. ಸತ್ತವರು ಅವತ್ತು ಬೆಳಿಗ್ಗೆ ಎಂದಿನಂತೆ ಕಚೇರಿಗೆ ಬಂದವರು. ಹೊಗೆ ಪಾವಟಿಗೆ ತುಂಬುವ ಮುಂಚೆ ಇಳಿಯಲು ಸಿಗುವುದು ಕೆಲವೇ ನಿಮಿಷ, ಹೂಟರ್ ಇರುವುದು ಆ ನಿಮಿಷಗಳಿಗಾಗಿ.

ಮೇಡಂ ಒಪ್ಪಿದರು. ಸುತ್ತೋಲೆ ಅವರೇ ಬರೆದರು. ಪರೀಕ್ಷೆಯ ದಿನ ಮೊದಲು ಮೇನ್ ತೆಗೆಸಿದೆವು, ಜನರೇಟರ್ ಶುರು ಮಾಡಗೊಡಲಿಲ್ಲ. ಪ್ಯಾನೆಲ್ ಬ್ಯಾಟರಿಯ ಮೇಲೆ ನಿಂತಿತು. ಆಮೇಲೆ ಕಾಕಾ ನಾಲ್ಕನೇ ಮಹಡಿಗೆ ಹೋಗಿ ಹೊಸ ಕಾಲ್ ಪಾಯಿಂಟ್ ಒತ್ತಿದರು. ಎಲ್ಲ ಮಹಡಿಗಳಲ್ಲೂ ಹೂಟರ್ ಕೂಗಿತು, ಮೂರನೇ ಮಹಡಿಯ ಮೂಲೆಯದೊಂದು ಬಿಟ್ಟು. ಅದರ ಕೋಡಿನಂಥ ಬಾಯೊಳಗೆ ಕಣಜ ಗೂಡು ಕಟ್ಟಿತ್ತು. ಅದನ್ನು ಬದಲಿಸಿ ಮತ್ತೆ ಕೂಗಿಸಿದೆವು. ಹೂಟರಿನ ಸದ್ದು 65 ಡೆಸಿಬೆಲ್ಲಾದರೂ ಇರಬೇಕು, ಗದ್ದಲದ ಜಾಗದಲ್ಲಿ ಸುತ್ತಲ ಸದ್ದಿಗಿಂತ 5 ಹೆಚ್ಚಿರಬೇಕು ಎಂದು ಲೆಕ್ಕ. ಬಾಗಿಲು ಹಾಕಿದ ಕೋಣೆಗಳ ಒಳಗೂ ಮೀಟರ್ ಹಿಡಿದು ನೋಡಿದೆವು.

ತಪಾಸಣೆ ಚೀಟಿಯ ನಮೂನೆಯನ್ನೂ ಬದಲಿಸಿದೆ. ‘ಸುಸ್ಥಿತಿಯಲ್ಲಿದೆ’ ಎಂದು ಬರೆಯುವ ಕಾಲಂ ಈಗ ಇಲ್ಲ. ಅದರ ಬದಲು ಬ್ಯಾಟರಿಯ ಭಾರದ ವೋಲ್ಟೇಜು, ಅವತ್ತು ಒತ್ತಿದ ಕಾಲ್ ಪಾಯಿಂಟಿನ ನಂಬರು, ಹೊಗೆ ಕೊಟ್ಟ ಡಿಟೆಕ್ಟರಿನ ನಂಬರು, ಪ್ಲಸ್ ಮತ್ತು ಮೈನಸ್‌ನಿಂದ ಅರ್ಥಿಗೆ ಬಂದ ವೋಲ್ಟೇಜು ಬರೆಯಬೇಕು. ಅಂಕಿ ಬೇಕೆಂದರೆ ಅಳೆಯಲೇಬೇಕು. ಪ್ರತಿ ಸಲ ಬೇರೆ ಬೇರೆ ಕಾಲ್ ಪಾಯಿಂಟ್ ಒತ್ತುವುದರಿಂದ ವರ್ಷದೊಳಗೆ ಎಲ್ಲವೂ ಒಂದು ಸುತ್ತು ಬರುತ್ತವೆ. ಚೀಟಿಯ ಪಕ್ಕದಲ್ಲೇ ಕಾಕಾರ ಜನರೇಟರ್ ಪುಸ್ತಕಕ್ಕೆ ಒಂದು ಮೊಳೆ ಹೊಡೆದಿದ್ದೇವೆ. ಲೈಟು ಹೋದಾಗ ಪ್ಯಾನೆಲ್ ಹತ್ತಿಕೊಂಡೇ ಇತ್ತೇ ಎಂಬ ಒಂದು ಮನೆಯನ್ನು ಅವರೇ ಗೆರೆ ಎಳೆದು ಸೇರಿಸಿಕೊಂಡಿದ್ದಾರೆ.

ಒಂದು ಕೆಲಸ ಬಾಕಿ ಇದೆ. ರೆಕಾರ್ಡ್ ರೂಮಿನ ಬಾಗಿಲಿಗೆ ಬೆರಳಚ್ಚಿನ ಯಂತ್ರ, 12 ವೋಲ್ಟಿನ ವಿದ್ಯುತ್ಕಾಂತದ ಬೀಗ ಕೂರಿಸಿದ್ದಾರೆ. ಅಲಾರಂ ಬಂದಾಗ ಅದರ ಕರೆಂಟು ತಾನಾಗಿ ಕಡಿದು ಬಾಗಿಲು ಬಿಡುಗಡೆಯಾಗಬೇಕು. ಆ ಜೋಡಣೆ ಮಾಡಿಲ್ಲ, ಬೀಗಕ್ಕೆ ತನ್ನದೇ ಬ್ಯಾಟರಿಯೂ ಇರುವುದರಿಂದ ಮೇನ್ ತೆಗೆದರೂ ಅದು ಬಿಡುವುದಿಲ್ಲ. ಬೀಗ ಬೇರೆ ಇಲಾಖೆಯ ಖರೀದಿ, ಅದಕ್ಕೆ ಕೈ ಹಚ್ಚಲು ಅವರ ಒಪ್ಪಿಗೆ ಬೇಕು. ಪ್ಯಾನೆಲ್‌ನ ರಿಲೇಯಿಂದ, ಅಂದರೆ ಅಲಾರಂ ಬಂದಾಗ ತಾನಾಗಿ ಬದಲಾಗುವ ಸ್ವಿಚ್ಚಿನಿಂದ, ಬಾಗಿಲಿನ ತನಕ ಕೇಬಲ್ ಎಳೆದಿಟ್ಟಿದ್ದೇನೆ, ಅಂದಾಜುಪಟ್ಟಿ ಕೊಟ್ಟಿದ್ದೇನೆ. ಒಪ್ಪಿಗೆ ಬರುವ ತನಕ ಕೋಣೆಯ ಒಳಬದಿಗೆ, ಒತ್ತಿದರೆ ಬೀಗದ ಕರೆಂಟನ್ನು ನೇರವಾಗಿ ಕಡಿಯುವ ಹಸಿರು ಡಬ್ಬಿಯೊಂದನ್ನು ಬೀಗ ಹಾಕಿದವರಿಂದಲೇ ಕೂರಿಸಿಕೊಂಡಿದ್ದೇವೆ. ಆ ಕೋಣೆಯಲ್ಲಿ ಕೆಲಸ ಮಾಡುವವರೆಲ್ಲ ಅದನ್ನು ಒಮ್ಮೊಮ್ಮೆ ಒತ್ತಿ, ಬಾಗಿಲು ತೆಗೆದು ಹೊರಗೆ ಬಂದು ನೋಡಿದ್ದಾರೆ.